ಬೆಳಗಿನ ಹಾಲಿಂದ ಸಂಜೆ ಹಾಲಿನವರೆಗೆ

ನೇರ ಗೆರೆ ಎಂದರೇನು ಎಂದು ಬಾಗೂರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಈ ಹೋಬಳಿ ಊರಿನ ಹೆಸರು ಹೊರಗಿನವರ ಕಿವಿಗೆ ಬಿದ್ದಿದ್ದರೆ ಅದು ಬಾಗೂರು–ನವಿಲೆ ಸುರಂಗದಿಂದ. ಗೊರೂರಿನ ಹೇಮಾವತಿ ಅಣೆಕಟ್ಟೆಯಿಂದ ನಾಲೆಯಲ್ಲಿ ಬಂದ ನೀರು ಇಲ್ಲಿ ನೆಲದೊಳಗೆ ಇಳಿದು, ಹೆಚ್ಚುಕಡಿಮೆ ಹತ್ತು ಕಿಲೋಮೀಟರ್ ಕತ್ತಲಲ್ಲೇ ಹರಿದು, ನವಿಲೆಯ ಕಡೆ ಬೆಳಕು ಕಂಡು ತುಮಕೂರು ಸೀಮೆಗೆ ಹೊರಡುತ್ತದೆ. ದಿಣ್ಣೆಯನ್ನು ಸುತ್ತಿ ಬಳಸುವ ಬದಲು ಕೊರೆದೇ ದಾರಿ ಮಾಡಿದರು. ಈ ಅಧ್ಯಾಯಕ್ಕೆ ಬೇಕಾದದ್ದು ಇಷ್ಟೇ: ನೀರಿಗೆ ನೇರದಾರಿ ಸಿಕ್ಕಿತು, ಮನುಷ್ಯರಿಗೆ ಹಾಗೆ ಸಿಗುವುದಿಲ್ಲ. ಅದೇ ಊರಿನ ಐದನೇ ಕ್ಲಾಸಿನ ಹುಡುಗಿಯೊಬ್ಬಳು ಜಿರಾಫೆ ನೋಡಬೇಕೆಂದರೆ ಬಸ್ಸು ಹತ್ತಬೇಕು, ಇಳಿಯಬೇಕು, ಕಾಯಬೇಕು, ಮತ್ತೆ ಹತ್ತಬೇಕು.

ಅವಳ ಮನೆಯಿಂದ ಜಿರಾಫೆ ಎಷ್ಟು ದೂರ? ಕೇಳಲು ಸಣ್ಣ ಪ್ರಶ್ನೆ. ಭೂಗೋಳ ವಿಜ್ಞಾನಿಗಳು ಇದರ ಹಿಂದೆ ಬಹಳ ಕಾಲದಿಂದ ನಡೆದಿದ್ದಾರೆ. ಆಸ್ಪತ್ರೆ, ಶಾಲೆ, ಪಾರ್ಕು, ಗ್ರಂಥಾಲಯ, ಈಗೀಗ ಮೃಗಾಲಯ, ಯಾವುದೇ ಆಗಲಿ, ಜನರ ಕೈಗೆ ಎಷ್ಟು ಎಟುಕುತ್ತದೆ ಎಂದು ನಕ್ಷೆಯಲ್ಲಿ ಅಳೆಯುವುದು ಒಂದು ಶಾಸ್ತ್ರವಾಗಿಯೇ ಬೆಳೆದಿದೆ. ನಮ್ಮ ಮಾತಿನಲ್ಲಿ ಅದನ್ನು ‘ಎಟುಕು’ ಎಂದೇ ಕರೆಯೋಣ. ಅಟ್ಟದ ಮೇಲಿನ ಉಪ್ಪಿನಕಾಯಿ ಜಾಡಿ ಮನೆಯೊಳಗೇ ಇರುತ್ತದೆ, ಆದರೂ ಮಗುವಿಗೆ ಎಟುಕುವುದಿಲ್ಲವಲ್ಲ, ಆ ಎಟುಕು.

ಮೊದಲು ಗೋಡೆಗೆ ಕರ್ನಾಟಕದ ಒಂದು ಭೂಪಟ ಹಚ್ಚಿ, ಮೃಗಾಲಯಗಳಿರುವ ಕಡೆ ಗುಂಡುಪಿನ್ನು ಚುಚ್ಚೋಣ. ರಾಜ್ಯದ ಮೃಗಾಲಯ ಪ್ರಾಧಿಕಾರದ ಕೆಳಗೆ ಮೈಸೂರು, ಬನ್ನೇರುಘಟ್ಟ, ಶಿವಮೊಗ್ಗದ ತ್ಯಾವರೆಕೊಪ್ಪ, ಚಿತ್ರದುರ್ಗದ ಆಡುಮಲ್ಲೇಶ್ವರ, ದಾವಣಗೆರೆಯ ಆನಗೋಡು, ಗದಗದ ಬಿಂಕದಕಟ್ಟಿ, ಬೆಳಗಾವಿಯ ಭೂತರಾಮನಹಟ್ಟಿ, ಹಂಪಿ ಪಕ್ಕದ ಕಮಲಾಪುರ, ಕಲಬುರಗಿ ಇವೆ. ಮಂಗಳೂರಿನ ಪಿಲಿಕುಳ ಬೇರೆ ಆಡಳಿತದ್ದು, ಅದಕ್ಕೂ ಒಂದು ಪಿನ್ನು. ಈ ಪಟ್ಟಿಯಲ್ಲಿ ಹಾಸನ ಜಿಲ್ಲೆಯದು ಒಂದೂ ಇಲ್ಲ. 2011ರ ಜನಗಣತಿಯಂತೆ 17 ಲಕ್ಷ 76 ಸಾವಿರ ಜನರಿರುವ ಜಿಲ್ಲೆ ಇದು.

ಇನ್ನು ಪ್ರತಿ ಊರಿಗೂ ಯಾವ ಪಿನ್ನು ಹತ್ತಿರ ಎಂದು ಅಳತೆಪಟ್ಟಿ ಇಟ್ಟು ನೋಡುತ್ತಾ ಹೋದರೆ ನಾಡು ತುಂಡುತುಂಡು ಹೊಲಗಳಾಗಿ ಪಾಲಾಗುತ್ತದೆ. ಪ್ರತಿ ಪಿನ್ನಿಗೂ ತನ್ನದೇ ಒಂದು ಹೊಲ, ನಡುವೆ ಬದು. ಬದುವಿನ ಮೇಲೆ ನಿಂತವನಿಗೆ ಎರಡೂ ಕಡೆ ಸಮದೂರ. ಈ ಪಾಲುಪಟ್ಟಿಯ ಗಣಿತವನ್ನು ಕಟ್ಟಿಕೊಟ್ಟವನು ಗಣಿತಜ್ಞ ಗಿಯೋರ್ಗಿ ವೊರೊನೊಯ್, 1908ರಲ್ಲಿ. ಮೂರು ವರ್ಷದ ತರುವಾಯ ಅಮೆರಿಕದ ಹವಾಮಾನ ತಜ್ಞ ಆಲ್‌ಫ್ರೆಡ್ ಥೀಸನ್ ಮಳೆಮಾಪಕಗಳಿಗೆ ಇದನ್ನೇ ಬಳಸಿದ. ಯಾವ ಹೊಲದ ಮಳೆಯನ್ನು ಯಾವ ಮಾಪಕದ ಲೆಕ್ಕಕ್ಕೆ ಸೇರಿಸಬೇಕು ಎನ್ನುವುದು ಅವನ ತೊಡಕಾಗಿತ್ತು.

ಹಾಸನ ಜಿಲ್ಲೆಯನ್ನು ಹೀಗೆ ಪಾಲು ಮಾಡಿದಾಗ ಅಚ್ಚರಿ ಕಾಣುತ್ತದೆ. ಹಾಸನ ಪಟ್ಟಣ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ಮೈಸೂರಿನ ಪಾಲಿಗೆ ಬೀಳುತ್ತವೆ, ಇದು ಎಲ್ಲರೂ ಊಹಿಸುವಂಥದ್ದೇ. ಆದರೆ ಅರಸೀಕೆರೆಗೆ ಹಕ್ಕಿ ಹಾರುವ ದಾರಿಯಲ್ಲಿ ಹತ್ತಿರವಾಗುವುದು ಚಿತ್ರದುರ್ಗದ ಆಡುಮಲ್ಲೇಶ್ವರ, ನೂರು ಕಿಲೋಮೀಟರಿನ ಆಸುಪಾಸು. ಸಕಲೇಶಪುರಕ್ಕೆ ಮೈಸೂರಿಗಿಂತ ಪಿಲಿಕುಳವೇ ಹತ್ತಿರ. ಮೈಸೂರು 119 ಕಿಲೋಮೀಟರ್ ಆದರೆ ಪಿಲಿಕುಳ 95. ಒಂದೇ ಜಿಲ್ಲೆ ಹೀಗೆ ಹಲವು ಪಾಲಾಯಿತು.

ಹಕ್ಕಿಗೆ ಅದು ಸರಿ. ಸಕಲೇಶಪುರದವರನ್ನು ಕೇಳಿ ನೋಡಿ. ಪಿಲಿಕುಳಕ್ಕೆ ಹೋಗಬೇಕೆಂದರೆ ಶಿರಾಡಿ ಘಾಟಿ ಇಳಿಯಬೇಕು. ಮಳೆಗಾಲದಲ್ಲಿ ಗುಡ್ಡ ಜರಿದು ಹೆದ್ದಾರಿ ನಿಂತುಹೋದ ದಿನ ಆ 95 ಕಿಲೋಮೀಟರಿಗೆ ಏನು ಅರ್ಥ? ನಕ್ಷೆಯ ಬದುವಿಗೆ ಘಟ್ಟ ಗೊತ್ತಿಲ್ಲ, ಹೊಳೆ ಗೊತ್ತಿಲ್ಲ, ಸೇತುವೆ ಎಲ್ಲಿದೆ ಎಂದೂ ಗೊತ್ತಿಲ್ಲ.

ಈ ಕೊರತೆಯನ್ನು ಬಹು ಹಿಂದೆಯೇ ಕಂಡುಕೊಂಡವನು ಲಂಡನ್ನಿನ ವೈದ್ಯ ಜಾನ್ ಸ್ನೋ. 1854ರಲ್ಲಿ ಅಲ್ಲಿನ ಬ್ರಾಡ್ ಸ್ಟ್ರೀಟಿನ ಸುತ್ತ ಕಾಲರಾ ಹಬ್ಬಿದಾಗ ಸತ್ತವರ ಮನೆಗಳನ್ನು ನಕ್ಷೆಯಲ್ಲಿ ಗುರುತು ಹಾಕಿ, ರೋಗದ ಮೂಲ ಒಂದು ಕೈಪಂಪಿನ ನೀರು ಎಂದು ತೋರಿಸಿದ ಕಥೆ ಶಾಲೆಯ ಪುಸ್ತಕಗಳಲ್ಲೂ ಇದೆ. ಹೆಚ್ಚು ಜನ ಗಮನಿಸದ ಸಂಗತಿ ಅವನ ನಂತರದ ನಕ್ಷೆಯಲ್ಲಿದೆ. ಆ ಪಂಪು ಮತ್ತು ಸುತ್ತಲಿನ ಪಂಪುಗಳ ನಡುವೆ ಅವನು ಒಂದು ಬದು ಎಳೆದ. ಅಳತೆಪಟ್ಟಿ ಇಟ್ಟು ಎಳೆದದ್ದಲ್ಲ, ಬೀದಿಯಲ್ಲಿ ಕೊಡ ಹಿಡಿದು ನಡೆಯುವ ಹೆಜ್ಜೆಯ ದೂರ ನೋಡಿ ಎಳೆದದ್ದು. ಹಾಗಾಗಿ ಆ ಗೆರೆ ಅಂಕುಡೊಂಕಾಗಿದೆ. ವೊರೊನೊಯ್ ತನ್ನ ಗಣಿತ ಬರೆಯುವುದಕ್ಕೆ ಐವತ್ತು ವರ್ಷ ಮೊದಲೇ ಒಬ್ಬ ವೈದ್ಯ ಜನರ ಕಾಲಿನಿಂದ ನಕ್ಷೆ ಅಳೆದಿದ್ದ. ಈ ವಿಷಯದ ನಕ್ಷೆಗಳಲ್ಲಿ ನನಗೆ ಬಹಳ ಹಿಡಿಸಿದ್ದು ಇದೇ.

ನಮ್ಮ ಭೂಪಟಕ್ಕೆ ಬರೋಣ. ಅಳತೆಪಟ್ಟಿ ಬದಿಗಿಟ್ಟು ಒಂದು ದಾರ ತೆಗೆದುಕೊಳ್ಳಿ. ಮೈಸೂರಿನ ಪಿನ್ನಿಗೆ ಒಂದು ತುದಿ ಕಟ್ಟಿ ರಸ್ತೆಯ ಗುಂಟ ಹಾಸುತ್ತಾ ಬನ್ನಿ. ಚನ್ನರಾಯಪಟ್ಟಣದಿಂದ ಮೈಸೂರು ಮೃಗಾಲಯಕ್ಕೆ ಹಕ್ಕಿಯ ದಾರಿ ಸುಮಾರು 73 ಕಿಲೋಮೀಟರ್. ಕಿಕ್ಕೇರಿ, ಕೆ.ಆರ್. ಪೇಟೆ, ಶ್ರೀರಂಗಪಟ್ಟಣದ ಮೇಲೆ ಹಾಸಿದ ದಾರವನ್ನು ಎಳೆದು ಅಳೆದರೆ ಎಂಬತ್ತರ ಮೇಲೆ ಬರುತ್ತದೆ. ಹೊಳೆನರಸೀಪುರದಿಂದ ಹಕ್ಕಿಯ ದಾರಿ ಸುಮಾರು 71. ಎರಡು ಊರುಗಳೂ ಮೃಗಾಲಯಕ್ಕೆ ಹೆಚ್ಚುಕಡಿಮೆ ಅಷ್ಟೇ ದೂರ, ಕಾಗದದ ಮೇಲೆ ಅಣ್ಣತಮ್ಮಂದಿರ ಹಾಗೆ.

ಆದರೆ ಅರಸೀಕೆರೆ–ಹಾಸನ–ಮೈಸೂರು ರೈಲು ಹೊಳೆನರಸೀಪುರದ ಮೇಲೆ ಹೋಗುತ್ತದೆ. ಅಲ್ಲಿಯವರು ಟಿಕೆಟ್ ಕೊಂಡು ಕೂತರೆ ಕೆ.ಆರ್. ನಗರ ದಾಟಿ ಮೈಸೂರಿನಲ್ಲಿ ಇಳಿಯಬಹುದು. ಚನ್ನರಾಯಪಟ್ಟಣಕ್ಕೂ ರೈಲಿದೆ. 2017ರಲ್ಲಿ ಪೂರ್ತಿಯಾದ ಹಾಸನ–ಬೆಂಗಳೂರು ಮಾರ್ಗದ್ದು ಅದು. ಶ್ರವಣಬೆಳಗೊಳ, ಕುಣಿಗಲ್ ಮೇಲೆ ಬೆಂಗಳೂರಿಗೆ ಹೋಗುತ್ತದೆ. ಮೈಸೂರಿನ ಜಿರಾಫೆಗೂ ಆ ಹಳಿಗೂ ಸಂಬಂಧವಿಲ್ಲ. ಅರಕಲಗೂಡಿಗಂತೂ ಯಾವ ರೈಲೂ ಇಲ್ಲ. ದೂರ ಒಂದೇ, ಎಟುಕು ಬೇರೆ ಬೇರೆ ಎಂದರೆ ಇದು.

ದಾರ ಹಾಸುವ ಕೆಲಸವನ್ನು ಈಗ ಕಂಪ್ಯೂಟರ್ ಮಾಡುತ್ತದೆ. ಒಂದೊಂದು ಕೂಡುರಸ್ತೆಯೂ ಒಂದು ಗಂಟು, ಗಂಟುಗಳ ನಡುವಿನ ರಸ್ತೆ ಒಂದೊಂದು ಎಳೆ, ಒಟ್ಟು ಒಂದು ಬಲೆ. ಬಲೆಯ ಒಂದು ಗಂಟಿನಿಂದ ಇನ್ನೊಂದಕ್ಕೆ ಅತಿ ಕಡಿಮೆ ಹಾದಿ ಹುಡುಕುವ ಉಪಾಯವನ್ನು ಡಚ್ ವಿಜ್ಞಾನಿ ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ. ಇವತ್ತು ನಿಮ್ಮ ಫೋನು ದಾರಿ ತೋರಿಸುವಾಗ ಒಳಗೆ ನಡೆಯುವುದು ಆ ಉಪಾಯದ ಮೊಮ್ಮಕ್ಕಳ ಕೆಲಸ. ರಸ್ತೆಗಳ ಬಲೆಯನ್ನು ಓಪನ್‌ಸ್ಟ್ರೀಟ್‌ಮ್ಯಾಪ್ ಉಚಿತವಾಗಿ ಕೊಡುತ್ತದೆ, ಲೆಕ್ಕ ಹಾಕುವ ಕ್ಯೂಜಿಐಎಸ್ ತಂತ್ರಾಂಶವೂ ಉಚಿತ. ಆಸಕ್ತಿಯಿರುವ ಹೈಸ್ಕೂಲ್ ಮೇಷ್ಟ್ರೊಬ್ಬರು ಶಾಲೆಯ ಕಂಪ್ಯೂಟರಿನಲ್ಲೇ ಈ ಕೆಲಸ ಮಾಡಬಹುದು. ಇದಕ್ಕೆ ದೊಡ್ಡ ಸಂಸ್ಥೆ ಬೇಕಿಲ್ಲ ಎನ್ನುವುದನ್ನು ಒತ್ತಿ ಹೇಳುತ್ತೇನೆ.

ಕಿಲೋಮೀಟರಿಗೆ ಬದಲಾಗಿ ಹೊತ್ತನ್ನು ನಕ್ಷೆಗೆ ತಂದವನು ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್. ಲಂಡನ್ನಿನಿಂದ ಹತ್ತು ದಿನದೊಳಗೆ ತಲುಪುವ ನಾಡುಗಳಿಗೆ ಒಂದು ಬಣ್ಣ, ಇಪ್ಪತ್ತು ದಿನದವಕ್ಕೆ ಇನ್ನೊಂದು, ನಲವತ್ತು ದಿನ ಮೀರಿದವಕ್ಕೆ ಮತ್ತೊಂದು, ಹೀಗೆ 1881ರಲ್ಲಿ ಜಗತ್ತಿಗೆ ಬಣ್ಣ ಬಳಿದ. ಮೈಸೂರು ಮೃಗಾಲಯದ ಗೇಟಿನಿಂದ ಹಾಗೆ ಒಂದು ಗಂಟೆ, ಎರಡು ಗಂಟೆ, ಮೂರು ಗಂಟೆಯ ಪಟ್ಟಿಗಳನ್ನು ಬರೆದರೆ ಅವು ದುಂಡಗೆ ಬರುವುದಿಲ್ಲ. ಬೆಂಗಳೂರು ಹೆದ್ದಾರಿಯ ಗುಂಟ ಬಣ್ಣ ಉದ್ದಕ್ಕೆ ಚಾಚಿಕೊಳ್ಳುತ್ತದೆ, ರೈಲು ಹಳಿಯ ಗುಂಟ ಇನ್ನೊಂದು ಬೆರಳು ಚಾಚುತ್ತದೆ. ಹೆದ್ದಾರಿಯಿಂದ ಒಳಗಿರುವ ಹಳ್ಳಿಗಳು ಬೆರಳುಗಳ ಸಂದಿಯಲ್ಲಿ ಉಳಿದುಬಿಡುತ್ತವೆ.

ಅಧ್ಯಯನ ಮಾಡುವವರು ಮುಗ್ಗರಿಸುವುದು ಇಲ್ಲೇ. ಲೆಕ್ಕ ಸುಲಭವಾಗಲಿ ಎಂದು ಇಡೀ ತಾಲ್ಲೂಕಿಗೆ ಒಂದೇ ಚುಕ್ಕೆ ಇಡುತ್ತಾರೆ, ತಾಲ್ಲೂಕು ಕೇಂದ್ರದಲ್ಲಿ. ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನ ಚುಕ್ಕೆಗೆ ಬಂದ ಉತ್ತರವನ್ನು ಬಾಗೂರಿಗೂ ನವಿಲೆಗೂ ಅವುಗಳ ಆಚೆಯ ತೋಟದ ಮನೆಗಳಿಗೂ ಅಂಟಿಸುತ್ತಾರೆ. ತೋಟದ ಮನೆಯಿಂದ ಊರ ಬಸ್ ಸ್ಟಾಪಿಗೆ ನಡೆಯುವ ಇಪ್ಪತ್ತು ನಿಮಿಷ, ಬಾಗೂರಿನಿಂದ ಪಟ್ಟಣಕ್ಕೆ ಬರುವ ಹೊತ್ತು, ಅಲ್ಲಿ ಮೈಸೂರು ಬಸ್ಸಿಗೆ ಕಾಯುವ ಹೊತ್ತು ಎಲ್ಲವೂ ಆ ಒಂದು ಚುಕ್ಕೆಯೊಳಗೆ ಹೂತುಹೋಗುತ್ತವೆ.

ಮೃಗಾಲಯ ಹತ್ತಿರವಿದ್ದ ಮಾತ್ರಕ್ಕೆ ಜನ ಹೋಗುತ್ತಾರೆಯೇ? ಇದಕ್ಕೆ ಉತ್ತರ ಸಂತೆಯಲ್ಲಿದೆ. ಕೊತ್ತಂಬರಿ ಸೊಪ್ಪಿಗೆ ಊರ ಅಂಗಡಿ, ಮದುವೆ ಸೀರೆಗೆ ಪಟ್ಟಣ, ದೊಡ್ಡ ಕಾಯಿಲೆಗೆ ಹಾಸನ, ಮೈಸೂರು. ಇನ್ನು ಹನ್ನೆರಡು ವರ್ಷಕ್ಕೊಮ್ಮೆ ಶ್ರವಣಬೆಳಗೊಳದಲ್ಲಿ ಮಹಾಮಸ್ತಕಾಭಿಷೇಕವಾದರೆ, 2018ರಲ್ಲಿ ಆದಂತೆ, ದೇಶದ ಮೂಲೆಮೂಲೆಯವರೂ ಬರುತ್ತಾರೆ. ಸೆಳೆತ ದೊಡ್ಡದಾದಷ್ಟೂ ಜನ ದೂರವನ್ನು ಸಹಿಸುತ್ತಾರೆ. ವಾಲ್ಟರ್ ಹ್ಯಾನ್ಸನ್ ಎಂಬ ಅಮೆರಿಕದ ಯೋಜನಾ ತಜ್ಞ 1959ರಲ್ಲಿ ಇದನ್ನು ಸೂತ್ರಕ್ಕಿಳಿಸಿದ. ನ್ಯೂಟನ್ನಿನ ಗುರುತ್ವದ ಹಾಗೆಯೇ: ತಾಣದ ದೊಡ್ಡಸ್ತಿಕೆಯನ್ನು ಮೇಲೆ ಬರೆಯಿರಿ, ದೂರ ಹೆಚ್ಚಿದಂತೆ ಬಲಿಯುವ ಒಂದು ಸಂಖ್ಯೆಯಿಂದ ಅದನ್ನು ಭಾಗಿಸಿ, ಎಲ್ಲ ತಾಣಗಳ ಉತ್ತರವನ್ನೂ ಕೂಡಿ. ಬಂದ ಮೊತ್ತವೇ ನಿಮ್ಮ ಊರಿನ ಎಟುಕು.

ಈ ಸೂತ್ರದಲ್ಲಿ ಮೈಸೂರಿಗೆ ದೊಡ್ಡ ತೂಕ ಸಿಗುತ್ತದೆ. 1892ರಲ್ಲಿ ಹತ್ತನೇ ಚಾಮರಾಜ ಒಡೆಯರ್ ಕಾಲದಲ್ಲಿ ಶುರುವಾಗಿ, ಜರ್ಮನಿಯ ಉದ್ಯಾನ ತಜ್ಞ ಕ್ರುಂಬೀಗಲ್ ಕೈಯಲ್ಲಿ ರೂಪುಗೊಂಡು, ಇವತ್ತು 157 ಎಕರೆ ಹಬ್ಬಿರುವ ಮೃಗಾಲಯ ಅದು. ಜಿರಾಫೆ, ಆನೆ, ಹುಲಿಯ ಜೊತೆಗೆ 2021ರಲ್ಲಿ ಜರ್ಮನಿಯಿಂದ ಬಂದ ಗೊರಿಲ್ಲಾಗಳೂ ಇವೆ. ಚಿಕ್ಕ ಮೃಗಾಲಯ ಹತ್ತಿರವಿದ್ದರೂ ಅರಸೀಕೆರೆಯ ಶಾಲೆಗಳು ಪ್ರವಾಸಕ್ಕೆ ಮೈಸೂರನ್ನೇ ಆರಿಸಿದರೆ ಈ ತೂಕ ಅದನ್ನು ವಿವರಿಸುತ್ತದೆ. ಮೃಗಾಲಯ ಅರಮನೆಯ ಹತ್ತಿರ, ಊರೊಳಗೇ ಇರುವುದು ಇನ್ನೊಂದು ಪುಣ್ಯ. ಗ್ರಾಮಾಂತರ ಬಸ್ ನಿಲ್ದಾಣದಲ್ಲಿ ಇಳಿದವರು ನಡೆದೇ ಹೋಗಬಹುದು.

ಸೂತ್ರಕ್ಕೆ ಇನ್ನೊಂದು ತಿದ್ದುಪಡಿ ಬೇಕಾಯಿತು. ಬೀದಿ ನಲ್ಲಿಯನ್ನು ನೆನೆಸಿಕೊಳ್ಳಿ. ಮನೆಯ ಮುಂದೆಯೇ ನಲ್ಲಿ ಇದ್ದು ಅದಕ್ಕೆ ನೂರು ಕೊಡ ಸಾಲು ನಿಂತಿದ್ದರೆ ಅದು ಹತ್ತಿರದ ನಲ್ಲಿಯೇ? 2003ರಲ್ಲಿ ಭೂಗೋಳ ವಿಜ್ಞಾನಿಗಳಾದ ವೇಯ್ ಲುವೊ ಮತ್ತು ಫಾಹುಯಿ ವಾಂಗ್ ವೈದ್ಯರ ಲಭ್ಯತೆಯನ್ನು ಅಳೆಯಲು ಎರಡು ಹೆಜ್ಜೆಯ ವಿಧಾನವೊಂದನ್ನು ಮುಂದಿಟ್ಟರು. ಮೊದಲ ಹೆಜ್ಜೆಯಲ್ಲಿ ನಲ್ಲಿಯ ಬಳಿ ನಿಂತು, ಎಟುಕುವ ದೂರದಲ್ಲಿ ಎಷ್ಟು ಮನೆಗಳಿವೆ ಎಂದು ಎಣಿಸಿ ನೀರನ್ನು ಪಾಲು ಹಾಕುವುದು. ಎರಡನೇ ಹೆಜ್ಜೆಯಲ್ಲಿ ಮನೆಯ ಬಾಗಿಲಲ್ಲಿ ನಿಂತು, ತನಗೆ ಎಟುಕುವ ಎಲ್ಲ ನಲ್ಲಿಗಳ ಪಾಲನ್ನೂ ಕೂಡುವುದು. ಜಗತ್ತಿನ ಅನೇಕ ನಗರಗಳ ಪಾರ್ಕು, ಆಸ್ಪತ್ರೆಗಳ ಲೆಕ್ಕ ಇವತ್ತು ಹೀಗೇ ನಡೆಯುತ್ತದೆ. ದಸರಾ ದಿನಗಳಲ್ಲಿ ಮೈಸೂರು ಮೃಗಾಲಯದ ಟಿಕೆಟ್ ಕೌಂಟರಿನ ಮುಂದೆ ನಿಂತವರಿಗೆ ಈ ವಿಧಾನವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೆಂಗಳೂರಿನ ಸ್ಥಿತಿಯನ್ನು ಇದೇ ಕಣ್ಣಿನಿಂದ ನೋಡಿ. ಬೆಂಗಳೂರು ನಗರ ಜಿಲ್ಲೆಯಲ್ಲಿ 2011ರಲ್ಲೇ 96 ಲಕ್ಷ ಜನ. ಅವರ ಮೃಗಾಲಯ ಊರಿನ ತೆಂಕಣ ಅಂಚಿನ ಬನ್ನೇರುಘಟ್ಟ. ಹತ್ತೊಂಬತ್ತನೇ ಶತಮಾನದಲ್ಲಿ ಲಾಲ್‌ಬಾಗಿನೊಳಗೇ ಪ್ರಾಣಿಗಳನ್ನು ಸಾಕಿದ್ದರು, ಅದು ಉಳಿಯಲಿಲ್ಲ. ಯಲಹಂಕದಿಂದ ಬನ್ನೇರುಘಟ್ಟಕ್ಕೆ ಹಕ್ಕಿಯ ದಾರಿ ಮೂವತ್ಮೂರು ಕಿಲೋಮೀಟರ್ ಇದ್ದೀತು. ಆದರೆ ಮೆಜೆಸ್ಟಿಕ್‌ಗೆ ಬಂದು 365ನೇ ನಂಬರಿನ ಬಸ್ಸು ಹಿಡಿದು ಬನ್ನೇರುಘಟ್ಟ ರಸ್ತೆಯ ಸಿಗ್ನಲ್ಲುಗಳಲ್ಲಿ ನಿಂತು ನಿಂತು ಹೋಗುವವರ ಮನಸ್ಸಿನಲ್ಲಿ ಆ ಅಂಕಿ ಇರುವುದಿಲ್ಲ. ನಗರದಲ್ಲಿರುವವರಿಗೆಲ್ಲ ಎಟುಕು ಹೆಚ್ಚು ಎಂದುಕೊಳ್ಳುವುದು ತಪ್ಪು.

ಹಣದ ನಕ್ಷೆಯೂ ಒಂದಿದೆ, ಅದು ಈಚೆಗೆ ರಾತ್ರೋರಾತ್ರಿ ಬದಲಾಯಿತು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದು, ಸರ್ಕಾರಿ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟ್ ದುಡ್ಡು ತಪ್ಪಿತು. ಅಂದರೆ ಬಾಗೂರಿನ ಒಂದೇ ಮನೆಯೊಳಗೆ ಎರಡು ನಕ್ಷೆ. ಅಮ್ಮನಿಗೂ ಮಗಳಿಗೂ ಮೈಸೂರಿನ ಬಸ್‌ಚಾರ್ಜು ಸೊನ್ನೆ, ಅಪ್ಪನಿಗೆ ಪೂರ್ತಿ. ಎಟುಕನ್ನು ಅಳೆಯುವವರು ಇನ್ನು ಮೇಲೆ ಕರ್ನಾಟಕದಲ್ಲಿ ಹೆಣ್ಣಿಗೊಂದು, ಗಂಡಿಗೊಂದು ನಕ್ಷೆ ಬರೆಯಲೇಬೇಕು.

ಹಾಗಾದರೆ ಅಮ್ಮ ಮಗಳನ್ನು ಕರೆದುಕೊಂಡು ಹೊರಟೇಬಿಡಬಹುದಲ್ಲ? ಇಲ್ಲಿಗೆ ನಾನು ಮುಖ್ಯ ಎಂದು ನಂಬಿರುವ ಸಂಗತಿ ಬಂತು.

ಸ್ವೀಡನ್ನಿನ ಭೂಗೋಳ ವಿಜ್ಞಾನಿ ಟೋರ್ಸ್ಟೆನ್ ಹೇಗರ್‌ಸ್ಟ್ರಾಂಡ್ 1970ರಲ್ಲಿ ತನ್ನ ಓರಗೆಯವರಿಗೆ ಒಂದು ಮಾತು ನೆನಪಿಸಿದ: ಮನುಷ್ಯ ಒಂದು ಹೊತ್ತಿನಲ್ಲಿ ಒಂದು ಕಡೆ ಮಾತ್ರ ಇರಬಲ್ಲ, ಮತ್ತು ಅವನು ಹೊತ್ತಿಗೆ ಸರಿಯಾಗಿ ಮನೆಗೆ ಮರಳಬೇಕು. ಬೆಳಗಿನ ಒಂದು ಗೂಟ, ಸಂಜೆಯ ಒಂದು ಗೂಟ, ನಡುವೆ ಹಗ್ಗ. ಆ ಹಗ್ಗ ಎಷ್ಟು ದೂರ ಎಳೆಯುತ್ತದೋ ಅಷ್ಟೇ ಅವನ ಜಗತ್ತು.

ನಮ್ಮ ಸೀಮೆಯ ಮನೆಗಳಲ್ಲಿ ಆ ಎರಡು ಗೂಟ ಯಾವುವೆಂದು ಎಲ್ಲರಿಗೂ ಗೊತ್ತು: ಬೆಳಗಿನ ಹಾಲು, ಸಂಜೆ ಹಾಲು. ಕರೆದು, ಕ್ಯಾನು ಹಿಡಿದು ಡೇರಿಗೆ ಹಾಕಿ ಬಂದರೆ ಆ ಹೊತ್ತು ಮುಗಿಯಿತು. ಸಂಜೆ ಮತ್ತೆ ಅದೇ. ಹಸುವಿಗೆ ಭಾನುವಾರವಿಲ್ಲ, ದಸರಾ ರಜೆಯಿಲ್ಲ. ಕೆಚ್ಚಲು ತುಂಬಿ ಹಸು ಕೂಗುತ್ತಿದ್ದರೆ ಮೈಸೂರಿನಲ್ಲಿ ಕೂತ ಹೆಂಗಸಿಗೆ ಜಿರಾಫೆ ಕಣ್ಣಿಗೆ ಬೀಳುವುದಿಲ್ಲ.

ಲೆಕ್ಕ ಹಾಕೋಣ, ಅಂದಾಜಿಗೆ. ಬೆಳಿಗ್ಗೆ ಆರೂವರೆಗೆ ಡೇರಿಗೆ ಹಾಲು ಹಾಕಿ, ಮನೆಯವರಿಗೆ ತಿಂಡಿ ಮಾಡಿಟ್ಟು, ಏಳೂಕಾಲಿನ ಬಸ್ಸು. ಏಳೂಮುಕ್ಕಾಲಿಗೆ ಚನ್ನರಾಯಪಟ್ಟಣ. ಅರ್ಧ ಗಂಟೆ ಕಾದು ಮೈಸೂರು ಬಸ್ಸು ಹತ್ತಿದರೆ ಎರಡೂಕಾಲು ಗಂಟೆ ಹಾದಿ, ಹತ್ತೂವರೆಗೆ ಮೈಸೂರು. ನಡೆದುಕೊಂಡು ಹನ್ನೊಂದಕ್ಕೆ ಮೃಗಾಲಯದ ಗೇಟು. ಸಂಜೆ ಆರಕ್ಕೆ ಕೊಟ್ಟಿಗೆಯಲ್ಲಿರಬೇಕು. ಬಂದಷ್ಟೇ ಹೊತ್ತು ಮರಳುವುದಕ್ಕೂ ಹಿಡಿದರೆ ಎರಡೂಕಾಲಿಗೆ ಗೇಟು ಬಿಡಬೇಕು. ಕೈಯಲ್ಲಿ ಉಳಿದದ್ದು ಮೂರೂಕಾಲು ಗಂಟೆ. ಹೋಗುವಾಗ ಒಂದು ಬಸ್ಸು ತಪ್ಪಿ ಒಂದು ಗಂಟೆ ಹೋದರೆ ಎರಡೂಕಾಲು. ಅದರಲ್ಲೇ ಮಗಳಿಗೆ ಊಟ ಮಾಡಿಸಬೇಕು. ಬನ್ನೇರುಘಟ್ಟವನ್ನು ಇದೇ ಲೆಕ್ಕಕ್ಕೆ ಹಿಡಿಯಿರಿ. ಚನ್ನರಾಯಪಟ್ಟಣದಿಂದ ಬೆಂಗಳೂರಿಗೇ ಮೂರೂವರೆ ಗಂಟೆ, ಅಲ್ಲಿಂದ ಮತ್ತೆ ಒಂದೂವರೆ ಗಂಟೆ, ಗೇಟಿನ ಮುಂದೆ ನಿಂತಾಗ ಮರಳುವ ಹೊತ್ತು ಆಗಿರುತ್ತದೆ. ಎರಡು ಹೊತ್ತಿನ ಹಾಲಿನ ನಡುವೆ ಬನ್ನೇರುಘಟ್ಟ ಎಂಬ ಊರೇ ಇಲ್ಲ.

ಗಂಡನೋ ಅತ್ತೆಯೋ ಸಂಜೆ ಹಾಲು ಕರೆಯುತ್ತೇನೆಂದರೆ ಇಡೀ ನಕ್ಷೆ ಹಿಗ್ಗುತ್ತದೆ. ಒಂದು ಮೀಟರ್ ರಸ್ತೆಯನ್ನೂ ಹೊಸದಾಗಿ ಹಾಕದೆ, ಒಂದು ಬಸ್ಸನ್ನೂ ಬಿಡದೆ, ಮನೆಯೊಳಗಿನ ಒಂದು ಮಾತಿನಿಂದ ಮೃಗಾಲಯ ಹತ್ತಿರ ಬರುತ್ತದೆ. ಯಾವ ಉಪಗ್ರಹ ಚಿತ್ರವೂ ಇದನ್ನು ತೋರಿಸಲಾರದು.

ಮೃಗಾಲಯ ನೋಡದಿದ್ದರೆ ಏನು ಗಂಟು ಹೋಗುತ್ತದೆ ಎಂದು ಕೇಳುವವರಿದ್ದಾರೆ. ಹಾಸನ ಜಿಲ್ಲೆಯಲ್ಲಿ ನಿಂತು ಹಾಗೆ ಕೇಳಬಾರದು. ಸಕಲೇಶಪುರ, ಆಲೂರಿನ ಕಡೆ ಕಾಫಿ ತೋಟಕ್ಕೆ ಆನೆ ಬರುತ್ತದೆ. ಎಂಟು ಸಲ ದಸರಾ ಅಂಬಾರಿ ಹೊತ್ತ ಸಾಕಾನೆ ಅರ್ಜುನ 2023ರ ಡಿಸೆಂಬರಿನಲ್ಲಿ ಕಾಡಾನೆ ಹಿಡಿಯುವ ಕೆಲಸದಲ್ಲಿ ಪ್ರಾಣ ಬಿಟ್ಟದ್ದು ಇದೇ ಜಿಲ್ಲೆಯ ಯಸಳೂರಿನ ಕಾಡಿನಲ್ಲಿ. ಚನ್ನರಾಯಪಟ್ಟಣದ ಕಡೆ ಬಂಡೆಗುಡ್ಡಗಳಲ್ಲಿ ಚಿರತೆಗಳಿವೆ. ಇಲ್ಲಿನ ಮಕ್ಕಳಿಗೆ ಚಿರತೆ ಎಂದರೆ ರಾತ್ರಿ ಕಳೆದುಹೋದ ನಾಯಿ, ಬಾಗಿಲು ಹಾಕಿಕೊಳ್ಳಿ ಎಂಬ ಕೂಗು, ಬೋನಿನ ಸುತ್ತ ಫೋನು ಹಿಡಿದ ಗುಂಪು. ಭಯವಿಲ್ಲದೆ, ಹತ್ತು ನಿಮಿಷ ಸುಮ್ಮನೆ ನಿಂತು, ಅದರ ಮೈಮೇಲಿನ ಚುಕ್ಕೆ ನೋಡಿ, ಅದು ಆಕಳಿಸುವುದನ್ನು ನೋಡಿ, ಅದೂ ಒಂದು ಜೀವ ಎಂದು ತಿಳಿಯುವ ಜಾಗ ಅವರಿಗೆ ಮೃಗಾಲಯವೊಂದೇ. ಕಾಡುಪ್ರಾಣಿಯ ಜೊತೆ ಬದುಕಬೇಕಾದ ಮಕ್ಕಳಿಗೆ ಮೃಗಾಲಯದ ಎಟುಕು ಉಳಿದೆಲ್ಲರಿಗಿಂತ ಹೆಚ್ಚಿರಬೇಕಿತ್ತು.

ಸದ್ಯಕ್ಕೆ ಆ ಕೊರತೆಯನ್ನು ಅಷ್ಟೋ ಇಷ್ಟೋ ತುಂಬುತ್ತಿರುವುದು ಶಾಲೆಯ ಪ್ರವಾಸ. ಡಿಸೆಂಬರ್ ಬಂತೆಂದರೆ ನಸುಕಿನ ನಾಲ್ಕು ಗಂಟೆಗೆ ಶಾಲೆಯ ಮುಂದೆ ಬಸ್ಸು, ಸ್ವೆಟರ್ ಹಾಕಿದ ಮಕ್ಕಳು, ಬುಟ್ಟಿಯಲ್ಲಿ ಚಿತ್ರಾನ್ನ. ಆದರೆ ಆ ಒಂದೇ ದಿನದಲ್ಲಿ ಚಾಮುಂಡಿ ಬೆಟ್ಟ, ಅರಮನೆ, ಮೃಗಾಲಯ, ಸಂಜೆಗೆ ಕೆ.ಆರ್.ಎಸ್. ಎಲ್ಲವೂ ಮುಗಿಯಬೇಕು. ಮೃಗಾಲಯದ ಪಾಲಿಗೆ ಬರುವುದು ಎರಡು ಗಂಟೆ, ಅದೂ ಸಾಲಿನಲ್ಲಿ ಕೈ ಹಿಡಿದುಕೊಂಡು ಓಡುವ ಎರಡು ಗಂಟೆ.

ಮೃಗಾಲಯ ನಡೆಸುವವರಲ್ಲಿ ಒಂದು ಕೇಳಿಕೆ ಇದೆ. ಟಿಕೆಟ್ ಕೊಡುವಾಗ ಬಂದವರ ಪಿನ್‌ಕೋಡನ್ನು ಒಂದು ವರ್ಷ ಬರೆದುಕೊಳ್ಳಿ. ಹೆಸರು ಬೇಡ, ಫೋನ್ ನಂಬರ್ ಬೇಡ, ಆರು ಅಂಕಿ ಸಾಕು. ಯಾವ ಹೋಬಳಿಯಿಂದ ಒಬ್ಬರೂ ಬಂದಿಲ್ಲವೆಂದು ಗೊತ್ತಾದರೆ ಬಸ್ಸನ್ನು ಎಲ್ಲಿಗೆ ಕಳಿಸಬೇಕೆಂದು ಗೊತ್ತಾಗುತ್ತದೆ. ಮೇಷ್ಟ್ರುಗಳಲ್ಲಿ ಇನ್ನೊಂದು. ಈ ಸಲದ ಪ್ರವಾಸದಲ್ಲಿ ಒಂದು ತಾಣ ಕಡಿಮೆ ಮಾಡಿ, ಆ ಹೊತ್ತನ್ನು ಮಕ್ಕಳು ಚಿರತೆಯ ಮುಂದೆ ನಿಲ್ಲುವುದಕ್ಕೆ ಬಿಡಿ. ಮಂಗಳವಾರ ಮೈಸೂರು ಮೃಗಾಲಯಕ್ಕೆ ವಾರದ ರಜೆ, ಹೊರಡುವ ಮೊದಲು ದಿನ ನೋಡಿಕೊಳ್ಳಿ.